ಎಣ್ಣೆ ಕುಡಿದ ಹಲಗೆಗಳು

ಕೊಬ್ಬರಿ ಅಟ್ಟ ಕಟ್ಟುವುದೇ ಕಾಯಿ ಒಣಗಲಿ ಎಂದು. ಕೆಳಗೆ ಒಲೆ ಉರಿಯಬೇಕು, ಮೇಲೆ ಹೆಂಚು ಕಾಯಬೇಕು, ಹಲಗೆ ಗೋಡೆಯ ಸಂದಿಗಳಲ್ಲಿ ಗಾಳಿ ಆಡಬೇಕು. ಹೆಚ್ಚೂಕಡಿಮೆ ಒಂದು ವರ್ಷ ಹಾಗೆ ಬಿಸಿಯಲ್ಲಿ ಬಿದ್ದಿದ್ದರೆ ಕಾಯಿಯೊಳಗಿನ ನೀರೆಲ್ಲ ಇಂಗಿ ಉಂಡೆ ಕೊಬ್ಬರಿಯಾಗುತ್ತದೆ. ಅಂಥ ಅಟ್ಟವನ್ನು ತೋರಿಸಿ, “ಇದನ್ನ ತಂಪು ಮಾಡಿಕೊಡಿ ಅಣ್ಣ, ನಮ್ಮೆಜಮಾನ್ರು ಬೇಸಿಗೇಲಿ ಇಲ್ಲೇ ಇರಬೇಕು” ಎಂದು ಆ ಹೆಂಗಸು ಕೇಳಿದಾಗ ನನಗೆ ನಗು ಬಂತು. ಅವರ ಮುಖ ನೋಡಿ ತಡೆದುಕೊಂಡೆ.

ಊರು ಹಾರನಹಳ್ಳಿಯಿಂದ ಸ್ವಲ್ಪ ಒಳಗೆ. ಸಂಕ್ರಾಂತಿ ಮುಗಿದ ವಾರ. ಅವರ ಗಂಡ ಲೈನ್‌ಮನ್. ಮೂರು ವರ್ಷದ ಹಿಂದೆ ಕಂಬದ ಮೇಲೆ ಕರೆಂಟು ಹೊಡೆದು ಬೆನ್ನು ಮತ್ತು ಎರಡೂ ತೋಳು ಸುಟ್ಟಿದ್ದವು. ಜೀವ ಉಳಿಯಿತು. ತೊಡೆಯ ಚರ್ಮ ತೆಗೆದು ಬೆನ್ನಿಗೆ ಹಾಕಿದ್ದರು. ಆ ಚರ್ಮ ಬೆವರುವುದಿಲ್ಲ ಎಂಬುದು ನನಗೆ ಅವತ್ತಿನವರೆಗೆ ಗೊತ್ತಿರಲಿಲ್ಲ. ಬೆವರದ ಮೈಗೆ ಬಿಸಿ ಹೊರಗೆ ಹೋಗಲು ದಾರಿಯಿಲ್ಲ. ಬಿಸಿಲು ಏರಿತೆಂದರೆ ಅವರ ಮುಖ ಕೆಂಪಗಾಗಿ ತಲೆ ಸುತ್ತುತ್ತಿತ್ತು. ಪಕ್ಕದಲ್ಲಿ ಯಾವಾಗಲೂ ಒಂದು ಬಕೆಟ್ ನೀರು, ಅದರಲ್ಲಿ ಎರಡು ಟವೆಲ್. ಒಂದು ಹೆಗಲ ಮೇಲೆ ಒಣಗುವಷ್ಟರಲ್ಲಿ ಇನ್ನೊಂದು ತೆಗೆದು ಹೊದೆಯಬೇಕು.

ಅಣ್ಣತಮ್ಮಂದಿರ ಪಾಲಿನಲ್ಲಿ ಇವರಿಗೆ ಬಂದದ್ದು ಮನೆಯ ಹಿಂಭಾಗ. ಕೆಳಗೆ ಅಡುಗೆಮನೆ ಮತ್ತು ಶೀಟ್ ಹೊದಿಸಿದ ಒಂದು ಪಡಸಾಲೆ, ಮೇಲೆ ಈ ಅಟ್ಟ. ಶಿವರಾತ್ರಿ ಬಂತೆಂದರೆ ಅವರು ರಜೆ ಹಾಕಿ ಬೇಲೂರಿನ ಆಚೆ ಹೆಂಡತಿಯ ಅಣ್ಣನ ಮನೆಗೆ ಹೊರಡುವುದು, ಮಳೆ ಹಿಡಿದ ಮೇಲೆ ವಾಪಸು ಬರುವುದು. ಹೀಗೆ ಮೂರು ಬೇಸಿಗೆ ಕಳೆದಿದ್ದವು.

“ಮೂರು ಯುಗಾದಿ ಆಯ್ತು ಕಣಣ್ಣ, ಮನೇಲಿ ಒಟ್ಟಿಗೆ ಕೂತು ಬೇವುಬೆಲ್ಲ ತಿಂದಿಲ್ಲ” ಎಂದರು ಆಕೆ. “ಈ ಸಲ ಹೋಗಬ್ಯಾಡಿ ಅಂತ ನಾನೇ ಹಿಡ್ಕೊಂಡೀನಿ.”

“ಒಂದು ಏಸಿ ಹಾಕಿಸಿಬಿಡಿ ಅಕ್ಕಾ, ಸಲೀಸು” ಎಂದೆ.

ಮೂಲೆಯಲ್ಲಿ ಕೂತಿದ್ದ ಲೈನ್‌ಮನ್ ನಕ್ಕರು. “ಬೇಸಿಗೇಲಿ ಹಳ್ಳಿ ಕರೆಂಟು ನಂಬಬ್ಯಾಡಿ ಮೇಸ್ತ್ರಿ. ಅದ್ರಲ್ಲೇ ಕೆಲಸ ಮಾಡಿದೋನು ಹೇಳ್ತಾ ಇದೀನಿ.”

ನನ್ನನ್ನು ಕರೆದದ್ದಕ್ಕೆ ಕಾರಣವಿತ್ತು. ನಾನು ಅರಸೀಕೆರೆಯ ಬಡಗಿಯಾದರೂ ಹಾಸನದ ಕಡೆ ಆಲೂಗಡ್ಡೆ ಇಡುವ ಶೈತ್ಯಾಗಾರಗಳಿಗೆ ಫೋಮ್ ಬೋರ್ಡ್ ಹಚ್ಚುವ ಕೆಲಸ ಎಂಟು ವರ್ಷ ಮಾಡಿದವನು. ಎರಡು ಇಂಚು ದಪ್ಪದ, ನಾಲ್ಕು ಅಡಿ ಉದ್ದ ಎರಡು ಅಡಿ ಅಗಲದ ಗಟ್ಟಿ ಬೋರ್ಡು. ಬೆರಳಲ್ಲಿ ಎತ್ತಬಹುದು, ಆದರೆ ಬಿಸಿಯನ್ನು ಆಚೆಯಿಂದ ಈಚೆಗೆ ಬಿಡುವುದಿಲ್ಲ. ಆಲೂಗಡ್ಡೆಯನ್ನು ತಂಪಾಗಿ ಇಡಬಲ್ಲವನಿಗೆ ಮನುಷ್ಯನನ್ನು ಇಡಲಾಗದೆ ಎಂದುಕೊಂಡು ಒಪ್ಪಿದೆ. ಆಗ ನನಗೆ ಸ್ವಲ್ಪ ಜಂಬವೇ ಇತ್ತು.

ಅಟ್ಟದಲ್ಲಿದ್ದ ಕಾಯಿ ಇಳಿಸಲು ಮೂರು ವಾರ ಹಿಡಿಯಿತು. ಒಣಗಿದವನ್ನು ಆಕೆ ಅಂಗಳದಲ್ಲಿ ಕೂತು ಒಂದೊಂದಾಗಿ ಒಡೆದು ಕೊಬ್ಬರಿ ಬಿಡಿಸಿದರು. ಉಳಿದವು ತೋಟದ ಶೆಡ್ಡಿಗೆ ಹೋದವು. ಒಲೆಯನ್ನು ಹಿತ್ತಿಲಿಗೆ ಸಾಗಿಸಿದರು. ಆಮೇಲೆ ನಾನು, ನನ್ನ ಭಾಮೈದ ಇಬ್ಬರೂ ಏಣಿ ಹತ್ತಿದೆವು. ಚಪ್ಪಲಿ ಕೆಳಗೇ ಬಿಡಬೇಕಿತ್ತು. ಕಾಯಿ ಇಟ್ಟ ಜಾಗಕ್ಕೆ ಚಪ್ಪಲಿ ಮೆಟ್ಟಿ ಹತ್ತುವ ರೂಢಿ ಆ ಮನೆಯಲ್ಲಿಲ್ಲ. ಇಡೀ ಕೆಲಸ ಮುಗಿಯುವವರೆಗೂ ಬರಿಗಾಲಲ್ಲೇ ದುಡಿದೆವು. ಭಾಮೈದ ದಿನಕ್ಕೊಂದು ಮೊಳೆ ತುಳಿದು ದಿನಕ್ಕೊಂದು ಸಲ ನನ್ನನ್ನು ಬೈಯುತ್ತಿದ್ದ.

ಹದಿನೆಂಟು ಅಡಿಗೆ ಹನ್ನೆರಡು ಅಡಿ ಜಾಗ. ಹೊನ್ನೆ ಕಂಬಗಳು, ಕಂಬದಿಂದ ಕಂಬಕ್ಕೆ ಇಂಚು ದಪ್ಪದ ಮತ್ತಿ ಮರದ ಹಲಗೆ. ಹೊಗೆ ಹಿಡಿದು ಕಪ್ಪಾಗಿದ್ದವು. ಹಳೇ ಕಾಲದ ಆಚಾರಿಯ ಕೈ ಎಂಥದ್ದೆಂದರೆ ಒಂದು ಕಂಬವೂ ನೇರ ನೋಡುವ ತೂಗುಗುಂಡಿನ ದಾರಕ್ಕೆ ಕೂದಲೆಳೆಯಷ್ಟೂ ತಪ್ಪಿರಲಿಲ್ಲ. ಹಲಗೆಗಳ ನಡುವೆ ಗಾಳಿಗೆಂದು ಬಿಟ್ಟ ಬೆರಳಗಲ ಸಂದಿಗಳಿಗೆ ಹೊರಗಿನಿಂದ ಮರದ ಪಟ್ಟಿ ಹೊಡೆದು, ಇಲಿ ಬರುವ ಕಡೆ ಜಾಲರಿ ಹಾಕಿ ಮುಚ್ಚಿದೆವು. ಚಾವಣಿ ಕೆಲಸ ಎರಡೇ ದಿನದಲ್ಲಿ ಮುಗಿಯಿತು. ಹೆಂಚಿನ ಕೆಳಗಿದ್ದ ಹಲಗೆಯ ಮೇಲೆ ಬೋರ್ಡ್ ಹಾಸುವುದು ಚಾಪೆ ಹಾಸಿದಷ್ಟೇ ಸುಲಭ. ಉಳಿದದ್ದು ಗೋಡೆ.

ಗೋಡೆಗೆ ಬೇಕಾದ ಬೋರ್ಡುಗಳನ್ನು ತಂದ ಟೆಂಪೋ ಡ್ರೈವರ್ ಬಳ್ಳಾರಿ ಕಡೆಯವನು. ಒಂದು ಕಟ್ಟು ಹೊತ್ತು ಅಟ್ಟ ಹತ್ತಿದವನೇ ಮೂಗು ಅರಳಿಸಿ, “ಏನ್ರೀ ಇದು, ಕೊಬ್ಬರಿ ಎಣ್ಣಿ ಡಬ್ಬಿಯೊಳಗ ಬಂದು ನಿಂತಂಗ ಆಗ್ತೈತಿ” ಎಂದ.

“ಎಲ್ಲಿ ವಾಸನೆ? ನಂಗೇನೂ ಬರ್ತಿಲ್ವಲ್ಲ” ಎಂದೆ.

ಭಾಮೈದನೂ ಮೂಸಿ ನೋಡಿ ಇಲ್ಲವೆಂದ. ಬರುವುದಾದರೂ ಹೇಗೆ? ಅರಸೀಕೆರೆಯಲ್ಲಿ ಹುಟ್ಟಿ, ಕೊಬ್ಬರಿ ಮಂಡಿಗಳ ಮುಂದೆ ನಡೆದು ಸ್ಕೂಲಿಗೆ ಹೋದವರು ನಾವು. ಆ ವಾಸನೆ ನಮಗೆ ಗಾಳಿಯ ಹಾಗೆ. ಡ್ರೈವರನ ಮೂಗಿನ ಬಗ್ಗೆ ತಮಾಷೆ ಮಾಡಿ ಕಳಿಸಿಕೊಟ್ಟೆವು.

ಈಗ ನನ್ನ ತಪ್ಪು ಹೇಳಬೇಕು. ಶೈತ್ಯಾಗಾರದಲ್ಲಿ ಬೋರ್ಡ್ ಕೂರಿಸುವುದು ಗಮ್ಮಿನಿಂದ. ಬೋರ್ಡಿನ ಬೆನ್ನಿಗೆ ಅಲ್ಲಲ್ಲಿ ಗಮ್ಮಿನ ಉಂಡೆ ಇಟ್ಟು, ಗೋಡೆಗೆ ಒತ್ತಿ, ಒಂದು ದಿನ ಕೋಲಿನ ಆಸರೆ ಕೊಟ್ಟು ಬಿಟ್ಟರೆ ಕಲ್ಲಿನಂತೆ ಕೂರುತ್ತದೆ. ಎಲ್ಲ ಗಮ್ಮೂ ಆಗುವುದಿಲ್ಲ. ಬಡಗಿಗಳು ಸನ್‌ಮೈಕಾಕ್ಕೆ ಬಳಸುವ ಗಮ್ಮು ಹಚ್ಚಿದರೆ ಫೋಮ್ ಕರಗಿ ತೂತು ಬೀಳುತ್ತದೆ. ಇದೆಲ್ಲ ನನಗೆ ಚೆನ್ನಾಗಿ ಗೊತ್ತಿತ್ತು. ಫೋಮಿಗೆ ಹೊಂದುವ ಗಮ್ಮನ್ನೇ ಹಾಸನದಿಂದ ತರಿಸಿದ್ದೆ.

“ಭಾವ, ಮರ ಅಲ್ವಾ? ಸ್ಕ್ರೂ ಹೊಡೆಯಾಣ” ಎಂದ ಭಾಮೈದ.

“ಎಂಟು ವರ್ಷ ಗಮ್ಮಲ್ಲೇ ಹಚ್ಚೀನಿ ಕಣ್ಲಾ. ಒಂದು ಬೋರ್ಡ್ ಬಿದ್ದದ್ದು ತೋರ್ಸು.”

“ಅದು ಸಿಮೆಂಟ್ ಗೋಡೆ.”

“ಗೋಡೆ ಗೋಡೇನೇ.”

ಅವನು ಹೆಗಲು ಕುಣಿಸಿ ಗಮ್ಮಿನ ಡಬ್ಬ ಬಿಚ್ಚಿದ. ಮೂರು ದಿನದಲ್ಲಿ ನಾಲ್ಕೂ ಗೋಡೆಗೆ ಐವತ್ತೆರಡು ಬೋರ್ಡ್ ಹಚ್ಚಿದೆವು. ಇಟ್ಟಿಗೆ ಕಟ್ಟುವಂತೆ ಒಂದು ಸಾಲಿನ ಕೂಡು ಇನ್ನೊಂದು ಸಾಲಿನ ಕೂಡಿನ ಮೇಲೆ ಬಾರದ ಹಾಗೆ ಕೂರಿಸಿ, ಕೂಡುಗಳಿಗೆ ಬೆಳ್ಳಿ ಬಣ್ಣದ ಟೇಪ್ ಅಂಟಿಸಿದೆವು. ಕಪ್ಪು ಅಟ್ಟ ತಿಳಿನೀಲಿಯಾಯಿತು. ಲೈನ್‌ಮನ್ ಹೆಂಡತಿ ಬಾಗಿಲಲ್ಲಿ ನಿಂತು ಕೈ ಬಾಯಿಗೆ ಇಟ್ಟುಕೊಂಡರು. ಶಿವರಾತ್ರಿ ಕಳೆದಿತ್ತು. ಅವರ ಗಂಡ ಬೇಲೂರಿಗೆ ಹೋಗಿರಲಿಲ್ಲ. ನನ್ನ ಮಾತು ನಂಬಿ, ಶೀಟಿನ ಪಡಸಾಲೆಯಲ್ಲಿ ಒದ್ದೆ ಟವೆಲ್ ಹೊದ್ದು ದಿನ ತಳ್ಳುತ್ತಿದ್ದರು.

ನಾಲ್ಕನೇ ದಿನ ಮಧ್ಯಾಹ್ನ ಊಟಕ್ಕೆ ಕೂತಿದ್ದೆವು. ಮೇಲಿನಿಂದ ಸರ್ರನೆ ಏನೋ ಜಾರಿದ ಸದ್ದು, ಹಿಂದೆಯೇ ದಪ್ಪೆಂದು ಬಿದ್ದ ಸದ್ದು. ಮುದ್ದೆ ಮುರಿದದ್ದು ಕೈಯಲ್ಲೇ ಇತ್ತು. ಹಾಗೇ ಎದ್ದು ಓಡಿ ಏಣಿ ಹತ್ತಿದೆ. ಪಶ್ಚಿಮದ ಗೋಡೆಯಲ್ಲಿ ಒಂದು ಬೋರ್ಡ್ ಪೂರ್ತಿ ಕಳಚಿ ನೆಲಕ್ಕೆ ಬಿದ್ದಿತ್ತು, ಇನ್ನಾರು ಬೋರ್ಡುಗಳು ಟೇಪನ್ನು ಎಳೆದುಕೊಂಡು ಕೆಳಗೆ ಜಗ್ಗಿದ್ದವು. ಬಿದ್ದ ಬೋರ್ಡಿನ ಬೆನ್ನಲ್ಲಿ ಗಮ್ಮಿನ ಉಂಡೆಗಳು ಹಾಗೇ ಇದ್ದವು. ಒಂದು ಚೂರೂ ಹಲಗೆಗೆ ಹತ್ತಿರಲಿಲ್ಲ. ಹಲಗೆ ಮಾತ್ರ ಹೊರಗಿನ ಬಿಸಿಲ ಕಾವಿಗೆ ಮಿರಮಿರ ಹೊಳೆಯುತ್ತಿತ್ತು. ಬೆರಳು ಸವರಿದೆ. ಎಣ್ಣೆ.

ಬೆರಳನ್ನು ಮೂಗಿನ ಹತ್ತಿರ ತಂದೆ. ಆಗ ಬಂತು ವಾಸನೆ. ಎಷ್ಟೋ ವರ್ಷದ ಕೊಬ್ಬರಿ, ಒಡೆದು ಸೋರಿದ ಕಾಯಿ, ಒಲೆಯ ಹೊಗೆ, ಎಲ್ಲವನ್ನೂ ಕುಡಿದು ಕೂತಿದ್ದ ಹಲಗೆ ಅದು. ಬಳ್ಳಾರಿಯ ಡ್ರೈವರ್ ಒಂದೇ ಉಸಿರಿಗೆ ಕಂಡುಹಿಡಿದದ್ದು ಇಬ್ಬರು ಅರಸೀಕೆರೆಯವರಿಗೆ ಮೂರು ದಿನ ಮೂಗು ತಾಗಿಸಿ ಕೆಲಸ ಮಾಡಿದರೂ ತಿಳಿದಿರಲಿಲ್ಲ. ನನ್ನ ಮೇಲೆ ನನಗೇ ಎಂಥ ಸಿಟ್ಟು ಬಂತೆಂದರೆ ಬೋರ್ಡನ್ನು ಕಾಲಲ್ಲಿ ಒದ್ದೆ. ಬೋರ್ಡು ಹಾರಿತು, ಬರಿಗಾಲು ಹಿಂದಿನ ಕಂಬಕ್ಕೆ ಬಡಿದು ಹೆಬ್ಬೆಟ್ಟು ಊದಿಕೊಂಡಿತು.

“ದೀಪಾವಳಿಗೆ ಆ ಹಲಗೆ ಒರೆಸಿದ್ರೆ ಬಟ್ಟೆ ಹಂಗೇ ದೀಪಕ್ಕೆ ಬತ್ತಿ ಮಾಡ್ಬೋದು ಕಣಣ್ಣ” ಎಂದರು ಆಕೆ, ಹಿಂದೆಯೇ ಬಂದು. “ನಿಮಗೆ ಗೊತ್ತಿರುತ್ತೆ ಅಂದ್ಕೊಂಡೆ.”

ಗೊತ್ತಿರಬೇಕಿತ್ತು. ವಾಷಿಂಗ್ ಸೋಡಾ ಬಿಸಿನೀರಿಗೆ ಕಲಸಿ ಒಂದು ಹಲಗೆಯನ್ನು ತೆಂಗಿನ ನಾರಿನಿಂದ ಉಜ್ಜಿದೆವು. ಕಪ್ಪು ನೀರು ಇಳಿದು, ಒಣಗಿದ ಮೇಲೆ ಹಲಗೆ ಬೂದಿಯಂತೆ ಬೆಳ್ಳಗಾಯಿತು. ಗೆದ್ದೆ ಎಂದುಕೊಂಡೆ. ಮಾರನೇ ದಿನ ಬಿಸಿಲು ಬಿದ್ದೊಡನೆ ಅದೇ ಹಲಗೆಯ ಮೇಲೆ ಸಣ್ಣ ಸಣ್ಣ ಹನಿ ಮೂಡಿದವು. ಒಳಗಿನ ಎಣ್ಣೆ ಮತ್ತೆ ಹೊರಗೆ ಬಂದಿತ್ತು.

ಲೈನ್‌ಮನ್ ನಿಧಾನಕ್ಕೆ ಏಣಿ ಹತ್ತಿ ಬಂದು, ಆ ಹನಿಗಳನ್ನು ಬಗ್ಗಿ ನೋಡಿದರು. “ನಂಗೆ ಬರದ ಬೆವರು ಈ ಗೋಡೆಗೆ ಬಂದೈತೆ ನೋಡಿ ಮೇಸ್ತ್ರಿ” ಎಂದು ನಕ್ಕರು. ನನಗೆ ನಗಲಾಗಲಿಲ್ಲ.

ಅವರು ಇಳಿದು ಹೋದ ಮೇಲೆ ಭಾಮೈದ ಮೆಲ್ಲಗೆ ಅಂದ: “ಭಾವ, ಕಳಚಿರೋದು ಏಳು. ಅವಕ್ಕೆ ನಾಲ್ಕು ನಾಲ್ಕು ಸ್ಕ್ರೂ ಬಿಗಿದು ಬಿಡಾಣ. ಮೇಲೆ ಹೆಂಗೂ ಸಿಮೆಂಟ್ ಬೋರ್ಡ್ ಹೊಡೀತೀವಿ. ಒಳಗೆ ಏನೈತೆ ಅಂತ ಯಾರು ನೋಡ್ತಾರೆ?”

ಸುಳ್ಳೇಕೆ, ನನ್ನ ಮನಸ್ಸಿಗೂ ಅದು ಬಂದಿತ್ತು. ಉಳಿದ ನಲವತ್ತೈದು ಆ ಹೊತ್ತಿಗೆ ಗಟ್ಟಿಯಾಗೇ ಕಾಣುತ್ತಿದ್ದವು. ಫೋಮಿಗೆ ಬೆಂಕಿಯ ಭಯ ಇರುವುದರಿಂದ ಅದನ್ನು ಸಿಮೆಂಟ್ ಬೋರ್ಡಿನಿಂದ ಮುಚ್ಚಲೇಬೇಕು. ಮುಚ್ಚಿದ ಮೇಲೆ ಒಳಗಿನದು ಯಾರಿಗೂ ಕಾಣದು. ಆದರೆ ಏಪ್ರಿಲ್ ಬಿಸಿಲಿಗೆ ಒಂದೊಂದೇ ಬೋರ್ಡ್ ಒಳಗೊಳಗೇ ಜಾರಿ ಮೇಲೆ ನಾಲ್ಕು ಬೆರಳು ಸಂದಿ ಬಿಟ್ಟರೆ, ಅಲ್ಲಿಂದ ಬಿಸಿ ಇಳಿಯುತ್ತದೆ. ಒಳಗೆ ಮಲಗಿರುವವನು ಬೆವರಲಾರದ ಮನುಷ್ಯ. ರೂಮು ಯಾಕೆ ಕಾಯುತ್ತಿದೆ ಎಂದು ಅವರಿಗೆ ತಿಳಿಯುವುದೂ ಇಲ್ಲ. ಬಕೆಟ್ ತುಂಬಿಸಿಕೊಂಡು ಮತ್ತೆ ಬೇಲೂರಿನ ಬಸ್ಸು ಹತ್ತುತ್ತಾರೆ.

“ಎಲ್ಲಾ ಬಿಚ್ಚು” ಎಂದೆ.

“ಐವತ್ತೆರಡೂ?”

“ಐವತ್ತೆರಡೂ.”

ಕೆಳಗಿಳಿದು ಲೈನ್‌ಮನ್ ಮುಂದೆ ನಿಂತು ತಪ್ಪು ನನ್ನದೆಂದು ಹೇಳಿದೆ. ಯುಗಾದಿಗೆ ಇಪ್ಪತ್ತು ದಿನವೂ ಉಳಿದಿರಲಿಲ್ಲ. ಕೆಲಸ ಮೊದಲಿನಿಂದ ಮಾಡಬೇಕು, ನೀವು ಬೇಕಾದರೆ ಬೇಲೂರಿಗೆ ಹೋಗಿ ಬನ್ನಿ ಎಂದೆ. ಅವರು ಟವೆಲ್ ಹಿಂಡಿ ಹೆಗಲಿಗೆ ಹಾಕಿಕೊಂಡರು.

“ಅವತ್ತು ಲೈನ್ ಆಫ್ ಆಗೈತೆ ಅಂದ್ಕೊಂಡು ಕಂಬ ಹತ್ತಿದೆ ಮೇಸ್ತ್ರಿ. ಇನ್ನೊಂದು ಸಲ ಪರೀಕ್ಷೆ ಮಾಡ್ಬೇಕಿತ್ತು. ಎಷ್ಟು ಸಲ ಹತ್ತಿಲ್ಲ ಅನ್ನೋ ಧೈರ್ಯ. ನೀವು ಇನ್ನೊಂದು ಸಲ ನೋಡಿದ್ರಲ್ಲ, ಸಾಕು. ಮಾಡಿ. ನಾನು ಎಲ್ಲಿಗೂ ಹೋಗಲ್ಲ.”

ಹೂಂ ಎಂದಷ್ಟೇ ಹೇಳಿ ಮೇಲೆ ಹತ್ತಿದೆ.

ಬಿಚ್ಚುವುದು ಕಷ್ಟವಾಗಲಿಲ್ಲ. ಅಂಟಿದ್ದರೆ ತಾನೇ ಕಷ್ಟ! ಟೇಪ್ ಕೊಯ್ದೊಡನೆ ಬೋರ್ಡುಗಳು ತಾವಾಗಿ ಕೈಗೆ ಬಂದವು. ಗಟ್ಟಿಯಾಗಿವೆ ಎಂದುಕೊಂಡಿದ್ದ ನಲವತ್ತೈದರಲ್ಲಿ ಮೂರೋ ನಾಲ್ಕೋ ಮಾತ್ರ ನಿಜವಾಗಿ ಹಿಡಿದಿದ್ದವು. ಅದನ್ನು ಕಂಡು ಭಾಮೈದನ ಮುಖ ಸಪ್ಪಗಾಯಿತು. ಅದಾದ ಮೇಲೆ ಅವನು ಮುಚ್ಚಿಬಿಡುವ ಮಾತೆತ್ತಲಿಲ್ಲ.

ಸ್ಕ್ರೂ ಎಂದರೆ ಸುಮ್ಮನೆ ಸ್ಕ್ರೂ ಅಲ್ಲ. ಫೋಮ್ ಮೆತ್ತಗಿನದು, ಬರೀ ಸ್ಕ್ರೂ ಬಿಗಿದರೆ ತಲೆ ಒಳಗೆ ಹೊಕ್ಕು ಬೋರ್ಡ್ ಮತ್ತೆ ಸಡಿಲ. ಸ್ಕ್ರೂ ತಲೆಯ ಕೆಳಗೆ ಅಗಲವಾದ ಬಿಲ್ಲೆ ಬೇಕು. ಅದಕ್ಕೆಂದೇ ಪ್ಲಾಸ್ಟಿಕ್ ಬಿಲ್ಲೆಗಳು ಬರುತ್ತವೆ. ಹಾಸನದ ಅಂಗಡಿಯವನು ಬೆಂಗಳೂರಿನಿಂದ ಬರಬೇಕು, ಹದಿನೈದು ದಿನ ಎಂದ. ಅರಸೀಕೆರೆಯ ಹಾರ್ಡ್‌ವೇರ್ ಅಂಗಡಿಗಳಲ್ಲಿ ಸಿಕ್ಕಿದ್ದು ಕಬ್ಬಿಣದ ವಾಷರು. ಸಣ್ಣದು ಫೋಮಿನೊಳಗೆ ಮುಳುಗಿತು. ದೊಡ್ಡದರ ಅಂಚು ಫೋಮನ್ನು ಬಿಸ್ಕತ್ತಿನಂತೆ ಕತ್ತರಿಸಿತು. ಭಾಮೈದ ಸೋಡಾ ಬಾಟಲಿಯ ಮುಚ್ಚಳ ಆರಿಸಿ ತಂದು ಬಡಿದು ನೋಡಿದ. ಅವು ಬಿಗಿಯುವಾಗಲೇ ಮಡಚಿಕೊಂಡವು. ಎರಡು ದಿನ ಹೀಗೇ ಹೋಯಿತು. ಕೆಳಗೆ ಟವೆಲ್ ಹಿಂಡುವ ಸದ್ದು ಕೇಳಿದಾಗಲೆಲ್ಲ ಹಬ್ಬಕ್ಕೆ ಉಳಿದ ದಿನ ಎಣಿಸುತ್ತಿದ್ದೆ.

ಮೂರನೇ ದಿನ ಕೈ ಚೆಲ್ಲಿ ಅಂಗಳದಲ್ಲಿ ಕೂತಿದ್ದೆ. ಆಕೆ ಕೊಬ್ಬರಿ ಬಿಡಿಸಿ ಗುಡ್ಡೆ ಹಾಕಿದ್ದ ಚಿಪ್ಪುಗಳನ್ನು ಚೀಲಕ್ಕೆ ತುಂಬುತ್ತಿದ್ದರು, ಇದ್ದಿಲು ಸುಡುವವರಿಗೆ ಹಾಕಲು. ಒಂದು ಚೂರು ಉರುಳಿ ನನ್ನ ಕಾಲ ಹತ್ತಿರ ಬಂತು. ಅಂಗೈ ಅಗಲ, ಮಧ್ಯೆ ಸ್ವಲ್ಪ ಉಬ್ಬು. ಎತ್ತಿಕೊಂಡೆ, ಬಗ್ಗಿಸಲು ನೋಡಿದೆ, ಬಗ್ಗಲಿಲ್ಲ. ಇದು ತುಕ್ಕು ಹಿಡಿಯುವುದಿಲ್ಲ, ಕಬ್ಬಿಣದಂತೆ ಬಿಸಿಯನ್ನು ಒಳಗೆ ಎಳೆದು ತರುವುದಿಲ್ಲ. ಎಣ್ಣೆ ಹಲಗೆಯ ಹತ್ತಿರ ಇದ್ದರೆ ಇದಕ್ಕೇನು, ಇದು ಹುಟ್ಟಿದ್ದೇ ಎಣ್ಣೆಯ ಜೊತೆ.

“ಅಕ್ಕಾ, ಆ ಚೀಲ ಕಟ್ಟಬೇಡಿ” ಎಂದು ಕೂಗಿದೆ.

ಡ್ರಿಲ್ಲಿಗೆ ದುಂಡಗೆ ಕೊಯ್ಯುವ ಗರಗಸದ ಬಳೆ ಇರುತ್ತದಲ್ಲ, ಬೀಗ ಕೂರಿಸಲು ಬಾಗಿಲಿಗೆ ತೂತು ಹೊಡೆಯುವುದು, ಅದನ್ನು ಸಿಕ್ಕಿಸಿದೆ. ಆ ಬಳೆಯ ನಡುವೆ ಒಂದು ಸಣ್ಣ ಬೈರಿಗೆ ಇರುವುದರಿಂದ ಬಿಲ್ಲೆ ಕೊಯ್ದಾಗಲೇ ಸ್ಕ್ರೂವಿಗೆ ಬೇಕಾದ ತೂತೂ ನಡುಮಧ್ಯೆ ಬೀಳುತ್ತಿತ್ತು. ಮೊದಲ ಚಿಪ್ಪು ಕೈಯಿಂದ ಹಾರಿ ಭಾಮೈದನ ಕಿವಿಯ ಪಕ್ಕ ಹೋಯಿತು. ಒಂದು ಮರದ ಕೊರಡಿನಲ್ಲಿ ಉಳಿಯಿಂದ ಚಿಪ್ಪಿನ ಉಬ್ಬು ಕೂರುವಷ್ಟು ಗುಳಿ ತೋಡಿ, ಅದರಲ್ಲಿ ಚಿಪ್ಪಿಟ್ಟು, ಎರಡು ಕಡೆ ಪಟ್ಟಿಯಿಂದ ಬಿಗಿಹಿಡಿಯುವಂತೆ ಮಾಡಿಕೊಂಡೆ. ಆದರೂ ಮೊದಲ ಹತ್ತರಲ್ಲಿ ನಾಲ್ಕು ಸೀಳಿದವು.

ಆಕೆ ಬಂದು ಸೀಳಿದ ಚೂರು ಎತ್ತಿ ನೋಡಿದರು. “ಇದು ಎಳೆಗಾಯಿದು. ಬಣ್ಣ ನೋಡಿ, ಪೇಲವ. ಬಲಿತ ಕಾಯಿದು ಕಪ್ಪಗಿರ್ತದೆ, ಉಗುರಲ್ಲಿ ತಟ್ಟಿದ್ರೆ ಟಣ್ ಅಂತದೆ. ಕೊಡಿ, ನಾನು ಆರಿಸ್ಕೊಡ್ತೀನಿ.”

ಆಮೇಲೆ ಆಕೆ ಆರಿಸುವುದು, ಭಾಮೈದ ಹಿಡಿಯುವುದು, ನಾನು ಕೊಯ್ಯುವುದು. ಚಿಪ್ಪಿನ ಧೂಳು ಕಂದು ಹೊಗೆಯಂತೆ ಏಳುತ್ತಿತ್ತು. ಮೂಗಿಗೆ ಬಟ್ಟೆ ಕಟ್ಟಿಕೊಂಡು ಎರಡೂವರೆ ದಿನದಲ್ಲಿ ಮುನ್ನೂರು ಬಿಲ್ಲೆ ತೆಗೆದೆವು. ಎಲ್ಲ ಎರಡು ಇಂಚಿನವು. ಸಾಲಾಗಿ ಜೋಡಿಸಿ ನೋಡಿದಾಗ ದೊಡ್ಡ ಗುಂಡಿಗಳಂತೆ ಕಾಣುತ್ತಿದ್ದವು. ಲೈನ್‌ಮನ್ ಒಂದನ್ನು ಶರ್ಟಿನ ಎದೆಗೆ ಹಿಡಿದು ಹೆಂಡತಿಗೆ ತೋರಿಸಿ, “ಯುಗಾದಿಗೆ ಹೊಸ ಅಂಗಿ ಹೊಲಿಸ್ದಾಗ ಇದೇ ಹಾಕ್ಸು” ಎಂದರು. ಆ ಮನೆಯಲ್ಲಿ ಆಕೆ ಜೋರಾಗಿ ನಕ್ಕದ್ದು ನಾನು ಕೇಳಿದ್ದು ಅವತ್ತೇ ಮೊದಲು.

ಬಿಗಿಯುವುದಕ್ಕೂ ಒಂದು ಲೆಕ್ಕ ಬೇಕಿತ್ತು. ಫೋಮ್ ಎರಡು ಇಂಚು, ಹಲಗೆ ಒಂದು ಇಂಚು. ಮೂರು ಇಂಚಿನ ಸ್ಕ್ರೂ ಹೊಡೆದರೆ ಚಿಪ್ಪಿನ ದಪ್ಪ ಕಳೆದು ಹಲಗೆಯೊಳಗೆ ಮುಕ್ಕಾಲು ಇಂಚಿಗಿಂತ ಚೂರು ಹೆಚ್ಚು ಇಳಿಯುತ್ತದೆ, ಆಚೆ ತುದಿ ಕಾಣುವುದಿಲ್ಲ. ಆ ಹಳೇ ಮತ್ತಿ ಹಲಗೆ ಕಬ್ಬಿಣದಷ್ಟು ಗಟ್ಟಿ. ಮೊದಲು ಸಣ್ಣ ಬೈರಿಗೆಯಿಂದ ತೂತು ಮಾಡದಿದ್ದರೆ ಸ್ಕ್ರೂ ಮುರಿಯುತ್ತಿತ್ತು. ಚಿಪ್ಪಿನ ಉಬ್ಬು ನಮ್ಮ ಕಡೆ, ಗುಳಿ ಫೋಮಿನ ಕಡೆ. ಹಾಗಿಟ್ಟರೆ ಅಂಚು ಸುತ್ತಲೂ ಸಮನಾಗಿ ಫೋಮಿಗೆ ಕಚ್ಚಿಕೊಂಡು ಕೂರುತ್ತದೆ. ಮುಕ್ಕಾಲು ಭಾಗ ಡ್ರಿಲ್ಲಿನಿಂದ ಇಳಿಸಿ, ಕೊನೆಯ ನಾಲ್ಕು ಸುತ್ತು ಕೈಯಿಂದಲೇ ಬಿಗಿಯಬೇಕು. ಡ್ರಿಲ್ಲಿಗೆ ಬಿಟ್ಟರೆ ಟಪ್ಪೆಂದು ಚಿಪ್ಪು ಒಡೆಯುತ್ತದೆ. ಕೈಯಲ್ಲಾದರೆ ಸರಿಯಾದ ಬಿಗಿ ಬಂದಾಗ ಫೋಮ್ ಕಿರ್ರೆನ್ನುತ್ತದೆ, ಅಲ್ಲಿಗೆ ನಿಲ್ಲಿಸಬೇಕು. ಒಂದು ಬೋರ್ಡಿಗೆ ಐದು, ನಾಲ್ಕು ಮೂಲೆಗೆ ನಾಲ್ಕು, ನಡುವೆ ಒಂದು. ಎರಡನೇ ದಿನಕ್ಕೆ ನನ್ನ ಅಂಗೈಯಲ್ಲಿ ಬೊಬ್ಬೆ ಎದ್ದು ಒಡೆಯಿತು. ಭಾಮೈದ ಸ್ಕ್ರೂಡ್ರೈವರಿಗೆ ಬಟ್ಟೆ ಸುತ್ತಿಕೊಟ್ಟು, ನನಗಿಂತ ಚೆನ್ನಾಗಿ ಆ ಕಿರ್ ಸದ್ದು ಹಿಡಿಯುವುದನ್ನು ಕಲಿತ.

ನಾಲ್ಕು ಗೋಡೆ ಮುಗಿಸಿ, ಮಧ್ಯಾಹ್ನದ ಬಿಸಿಲಿಗೆ ಎರಡು ದಿನ ಹಾಗೇ ಬಿಟ್ಟೆ. ಕೂಡಲೇ ಮುಚ್ಚಲು ಕೈ ಏಳಲಿಲ್ಲ. ಎರಡೂ ದಿನ ಮೂರು ಗಂಟೆಗೆ ಅಟ್ಟ ಹತ್ತಿ ಒಂದೊಂದು ಬೋರ್ಡನ್ನೂ ಗೆಣ್ಣಿನಿಂದ ತಟ್ಟಿ, ಎರಡು ಕೈಯಿಂದ ಜಗ್ಗಿ ನೋಡಿದೆ. ಯಾವುದೂ ಅಲುಗಲಿಲ್ಲ. ಆಮೇಲೆ ಕೂಡುಗಳಿಗೆ ಹೊಸ ಟೇಪ್, ಕಂಬಕ್ಕೆ ಸರಿಯಾಗಿ ಉದ್ದ ಸ್ಕ್ರೂಗಳಿಂದ ಬಿಗಿದ ಮರದ ರೀಪರು, ಅದರ ಮೇಲೆ ಸಿಮೆಂಟ್ ಬೋರ್ಡು. ವೈರಿಂಗಿನ ಹೊತ್ತಿಗೆ ಲೈನ್‌ಮನ್ ಮೇಲೆ ಬಂದು ಬಾಗಿಲಲ್ಲಿ ಕುರ್ಚಿ ಹಾಕಿಸಿಕೊಂಡು ಕೂತರು.

“ಫೋಮ್ ಒಳಗೆ ಒಂದು ವೈರೂ ಹೋಗಬಾರದು. ಎಲ್ಲಾ ಪೈಪಲ್ಲಿ, ಬೋರ್ಡಿನ ಮೇಲೆ, ಕಣ್ಣಿಗೆ ಕಾಣಂಗೆ” ಎಂದರು. ವೈರು ಕೂಡುವ ಒಂದೊಂದು ಜಾಗವನ್ನೂ ಭಾಮೈದನಿಂದ ಎರಡೆರಡು ಸಲ ಪರೀಕ್ಷೆ ಮಾಡಿಸಿದರು. ಅವನು ಒಂದು ಸಲವೂ ಗೊಣಗಲಿಲ್ಲ.

ಅಂದು ಅವರು ಮಧ್ಯಾಹ್ನ ಪೂರ್ತಿ ಅಲ್ಲೇ ಕೂತಿದ್ದರು. ಮಾತಿನ ನಡುವೆ ಟವೆಲ್ ಒದ್ದೆ ಮಾಡುವುದನ್ನು ಮರೆತರು. ಅದನ್ನು ನೋಡಿದವನು ನಾನೊಬ್ಬನೇ. ಯಾರಿಗೂ ಹೇಳಲಿಲ್ಲ, ದೃಷ್ಟಿ ತಾಗೀತೆಂಬ ಹೆದರಿಕೆ.

ಹಬ್ಬಕ್ಕೆ ಮೂರು ದಿನ ಮೊದಲು ಬಣ್ಣ ಬಳಿದು ಕೀಲಿ ಕೊಟ್ಟೆವು. ಒಂದು ಚಿಪ್ಪಿನ ಬಿಲ್ಲೆಯೂ ಈಗ ಕಾಣುವುದಿಲ್ಲ. ಇನ್ನೂರ ಅರವತ್ತು ಬಿಲ್ಲೆ ಆ ಗೋಡೆಯೊಳಗಿವೆ ಎಂದು ಗೊತ್ತಿರುವುದು ನಾವು ನಾಲ್ಕು ಜನಕ್ಕೆ ಮಾತ್ರ.

ಯುಗಾದಿಗೆ ಒಬ್ಬಟ್ಟಿನ ಊಟಕ್ಕೆ ಬರಲೇಬೇಕೆಂದು ಕರೆದಿದ್ದರು. ಅರಸೀಕೆರೆಯಲ್ಲಿ ನಮ್ಮ ಮನೆಯ ಪೂಜೆ ಮುಗಿಸಿ, ಭಾಮೈದನನ್ನು ಹಿಂದೆ ಕೂರಿಸಿಕೊಂಡು ಗಾಡಿಯಲ್ಲಿ ಹೋಗುವಷ್ಟರಲ್ಲಿ ಎರಡೂವರೆ. ಡಾಂಬರು ರಸ್ತೆ ಕಾದು ಕಣ್ಣು ಕುಕ್ಕುತ್ತಿತ್ತು. ದಾರಿಯಲ್ಲಿ ಅವನು, “ಭಾವ, ರೂಮು ಕಾಯ್ತಾ ಇದ್ರೆ?” ಎಂದು ಕೇಳಿದ. ಬಾಯಿ ಮುಚ್ಚಿಕೊಂಡು ಕೂತ್ಕೋ ಎಂದೆ. ನನ್ನ ಎದೆಯಲ್ಲೂ ಅದೇ ಪ್ರಶ್ನೆ ಇತ್ತು.

ಪಡಸಾಲೆಯಲ್ಲಿ ಅವರು ಇರಲಿಲ್ಲ. ಅವರ ಕುರ್ಚಿ ಖಾಲಿಯಿತ್ತು. ಹೆಂಡತಿ ಏಣಿಯ ಬುಡದಲ್ಲಿ ಕೂತಿದ್ದರು, ನಮ್ಮನ್ನು ನೋಡಿ ತುಟಿಗೆ ಬೆರಳಿಟ್ಟರು.

“ಏನಾಯ್ತಕ್ಕಾ?”

“ಊಟ ಮಾಡಿ ಮೇಲೆ ಹೋದೋರು ಮಲಗವ್ರೆ” ಎಂದರು ಪಿಸುದನಿಯಲ್ಲಿ. “ಎಬ್ಬಿಸಬ್ಯಾಡಿ ಅಣ್ಣ. ಬೇಸಿಗೇಲಿ ಈ ಹೊತ್ನಲ್ಲಿ ಅವರು ಕಣ್ಣು ಮುಚ್ಚಿದ್ದು ಮೂರು ವರ್ಷದಿಂದ ನಾನು ನೋಡಿಲ್ಲ.”

ಚಪ್ಪಲಿ ಬಿಟ್ಟು, ಸದ್ದಾಗದಂತೆ ಏಣಿ ಹತ್ತಿ ಬಾಗಿಲ ಸಂದಿಯಿಂದ ಇಣುಕಿದೆ. ಒಳಗಿನ ಗಾಳಿ ಮುಖಕ್ಕೆ ತಾಗಿತು, ಬಾವಿಕಟ್ಟೆಯ ನೆರಳಿನಷ್ಟು ತಂಪು. ಅವರು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದರು. ಬೆನ್ನಿನ ಮೇಲೆ ಬರೀ ಬನಿಯನ್. ಉಸಿರು ನಿಧಾನವಾಗಿ ಏರಿ ಇಳಿಯುತ್ತಿತ್ತು. ಹೊರಗೆ ಪಶ್ಚಿಮದ ಹಲಗೆಗಳು ಆ ಹೊತ್ತಿಗೆ ಎಣ್ಣೆ ಬೆವರುತ್ತಿದ್ದಿರಬೇಕು. ಎರಡು ಟವೆಲ್ಲುಗಳೂ ಬಾಗಿಲ ಪಕ್ಕದ ಮೊಳೆಗೆ ನೇತಾಡುತ್ತಿದ್ದವು. ಕೈ ಚಾಚಿ ಮುಟ್ಟಿದೆ. ಒಣಗಿದ್ದವು.

ನನ್ನ ಕೆಲಸದ ಬಗ್ಗೆ ನನಗೆ ಅಷ್ಟು ಹೆಮ್ಮೆ ಎಂದೂ ಆಗಿರಲಿಲ್ಲ. ಹೇಳಿಕೊಳ್ಳಲು ನಾಚಿಕೆಯೂ ಇಲ್ಲ. ಎಷ್ಟೋ ದೊಡ್ಡ ದೊಡ್ಡ ಶೈತ್ಯಾಗಾರ ಮುಗಿಸಿದಾಗಲೂ ಕೈತೊಳೆದು ಮನೆಗೆ ಹೊರಟವನು, ಅವತ್ತು ಆ ಬಾಗಿಲಲ್ಲಿ ಎಷ್ಟು ಹೊತ್ತು ನಿಂತಿದ್ದೆನೋ, ಭಾಮೈದ ಹಿಂದಿನಿಂದ ಅಂಗಿ ಜಗ್ಗಿದ. ಅವನೂ ನೋಡಬೇಕಂತೆ.

ಕೆಳಗಿಳಿದಾಗ ಆಕೆ ಎಲೆ ಹಾಕಿದ್ದರು. ಕೈತೊಳೆಯಲು ಹಿತ್ತಿಲ ಬಾಗಿಲಿಗೆ ಹೋದೆ. ಟವೆಲ್ ನೆನೆಸುತ್ತಿದ್ದ ಬಕೆಟ್ ಅಲ್ಲೇ ಇತ್ತು. ತೋರಣ ಕಟ್ಟಿ ಉಳಿದ ಮಾವಿನ ಸೊಪ್ಪನ್ನು ಅದರಲ್ಲಿ ಹಾಕಿಟ್ಟಿದ್ದರು.